ಆರುನೂರು ಕಿಲೋವ್ಯಾಟ್

ಮೀಟರಿನ ಮುಳ್ಳು ನಾನೂರ ಮೂವತ್ತರಲ್ಲಿ ನಿಂತಿದೆ, ಅಲುಗುತ್ತಿಲ್ಲ, ಇನ್ನು ಅರ್ಧ ಗಂಟೆ, ಅಷ್ಟರೊಳಗೆ ಆರುನೂರು ಮುಟ್ಟದಿದ್ದರೆ ಅಣೆಕಟ್ಟೆಯ ಕೆಳಗಿನ ಈ ನಲವತ್ತೆರಡು ವರ್ಷದ ಪವರ್‌ಹೌಸಿಗೆ ಬೀಗ, ತಪಾಸಣೆಗೆ ಬಂದ ಸಾಹೇಬರು ಕಾಗದ ಹಿಡಿದೇ ನಿಂತಿದ್ದಾರೆ, ಮಶೀನ್ ಮ್ಹಾತಾರಿ ಝಾಲಿ ಮೀನಲತಾಯಿ ಅನ್ನುತ್ತಾರೆ, ಮುದುಕಿಯಂತೆ! ನಲವತ್ತೆರಡಕ್ಕೇ ಮುದುಕಿಯಾದರೆ ನಲವತ್ತನಾಲ್ಕರ ನಾನೇನು, ಮೊನ್ನೆ ತಾನೇ ಆರುನೂರ ಹತ್ತು ಕೊಟ್ಟವಳು ಇವಳು, ಈ ಮಶೀನು ಹುಟ್ಟಿದ ದಿನ ನಮ್ಮೂರಲ್ಲಿ ಬಲ್ಬು ಹತ್ತಿದಾಗ ಅಜ್ಜಿ ಶೇವಂತಾಬಾಯಿ ಬೀರಪ್ಪ ದೇವರ ಭಂಡಾರದ ಅರಿಶಿನ ತಂದು ಕಂಬಕ್ಕೆ ಹಚ್ಚಿದ್ದಳಂತೆ — ಮಿಸ್ತ್ರಿ ಕಾಶೆಪ್ಪ ಬೇರಿಂಗಿಗೆ ಕೋಲು ಊರಿ ಕಿವಿ ಕೊಟ್ಟಿದ್ದಾನೆ, ದನಿ ಚಂದ ಅದವ್ವ, ಆಕಿಗೇನೂ ಆಗಿಲ್ಲ, ನೀರೇ ಕಮ್ಮಿ ಬರ್ಲಿಕತ್ತದ, ನೀರು ಹೇಗೆ ಕಮ್ಮಿ, ಕಟ್ಟೆ ತುಂಬಿದೆ, ಕಾಲುವೆ ತುಂಬಿದೆ, ಕಾಲುವೆ — ಅಯ್ಯೋ, ಕುರಿ! ನಾಳೆ ಉಣ್ಣೆ ಕತ್ತರಿಸಬೇಕು, ಇಂದೇ ಕುರಿ ತೊಳೆಯಬೇಕು ಅಂತ ನಿನ್ನೆ ಅಪ್ಪನ ಫೋನು, ನಮ್ಮ ಮೀನಲಂದೇ ಕೆನಾಲ ಅದ, ನಮಗ ಯಾರು ಕೇಳ್ತಾರ, ನಾನೂ ನಕ್ಕು ಹೂಂ ಅಂದೆನಲ್ಲ, ಇನ್ನೂರು ಕುರಿ, ಮಶೀನಿಗೆ ನೀರು ಸೋಸಿ ಬಿಡುವ ಕಬ್ಬಿಣದ ಜಾಳಿಗೆಯ ಬಾಯಲ್ಲೇ.

ಓಡುತ್ತಿದ್ದೇನೆ, ಸೀರೆ ಸೊಂಟಕ್ಕೆ, ಕೊಕ್ಕೆ ಹಾಕಿ ಜಗ್ಗಿದರೆ ಜಾಳಿಗೆಗೆ ಉಣ್ಣೆ ಕಂಬಳಿಯ ಹಾಗೆ ಮೆತ್ತಿಕೊಂಡಿದೆ, ಪಾಚಿ, ಉಣ್ಣೆ, ಮತ್ತೆ ಉಣ್ಣೆ, ಕೈ ಉರಿಯಲಿ, ನೀರು ಗಳಗಳ ಒಳಗೆ ನುಗ್ಗುತ್ತಿದೆ, ಏನು ಖುಷಿ ನನಗೆ, ಹಿಂದೆ ಸಾಹೇಬರ ಬೂಟು, ಕುಣಾಚಿ ಮೆಂಢರಂ? ಯಾರ ಕುರಿ ಅಂತ ಕೇಳುತ್ತಿದ್ದಾರೆ, ಗೊತ್ತಿಲ್ಲ ಅಂದುಬಿಡಬಹುದು, ಇಲ್ಲಿ ಕುರಿಗಾರರೇನು ಕಮ್ಮಿಯೇ? ಆದರೆ ಉಣ್ಣೆಯ ಮೇಲೆ ಅಪ್ಪ ರೇವಣಪ್ಪ ಬಳಿದ ಹಸಿರು ಗುರುತು, ಗುರುತು ಇರದಿದ್ದರೂ ಸುಳ್ಳು ಬಾಯಿಗೆ ಬರಲಿಲ್ಲ, ನಮ್ಮವೇ ರೀ ಸಾಹೇಬ, ತೊಳೀರಿ ಅಂತ ನಾನೇ ಹೇಳೀನಿ, ತಪ್ಪು ನಂದು, ಮಶೀನಿಂದಲ್ಲ. ಪೆನ್ನು ತೆಗೆದರು. ಒಳಗಿಂದ ಕಾಶೆಪ್ಪನ ಕೂಗು, ಏರ್ಲಿಕತ್ತದವ್ವಾ, ಐನೂರು! ಒದ್ದೆ ಕಾಲಲ್ಲೇ ಓಡಿ ಬಂದೆ, ಐನೂರ ಅರವತ್ತು, ಐನೂರ ತೊಂಬತ್ತು, ಆರುನೂರು! ಸಾಹೇಬರೂ ಹಿಂದೆಯೇ ಬಂದು ಪವರ್‌ಹೌಸ್ ಚಾಲೂ ಅಂತ ಬರೆದರು, ಕೆಳಗೆ ನನ್ನ ಹೆಸರು ಬರೆಯುತ್ತಿದ್ದಾರೆ, ನಿಷ್ಕಾಳಜಿ, ನೌಕರಿಯಿಂದ ತೆಗೀರಿ, ಬರೆಯಲಿ, ಬರೆಯಲಿ, ಮುಳ್ಳು ಆರುನೂರು ದಾಟಿತು, ಆರುನೂರ ಹತ್ತು, ನಡುಗುತ್ತಾ ಅಲ್ಲೇ, ಆರುನೂರ ಹತ್ತು, ಮುಳ್ಳು ಇಳಿಯುತ್ತಿಲ್ಲ.