ಹಳದಿ ಇದ್ದ ಜಾಗ

ಟರ್ಪೆಂಟೈನ್ ವಾಸನೆ, ಅದೂ ಹೊಸದು, ರಾಜಾಜಿನಗರದ ಈ ಪ್ರದರ್ಶನದ ಹಾಲಿಗೆ ನಿನ್ನೆ ಬಂದ ಚಿತ್ರಗಳೆಲ್ಲ ಒಣಗಿದ್ದವಲ್ಲ, ಇದ್ಯಾರ ಹಸಿ ಬಣ್ಣ ಅಂತ ಅಂಬುಜಾ ತಿರುಗಿದಳು, ತಿರುಗಿದವಳು ನಿಂತೇಬಿಟ್ಟಳು — ತನ್ನದೇ ಚಿತ್ರ, ಮರವಿಲ್ಲ ಮನುಷ್ಯರಿಲ್ಲ, ಬರೀ ಕಂದು, ನಡುವೆ ಹಳದಿ, ಆ ಹಳದಿಯ ಮೇಲೆ ದಪ್ಪ ಕರಿ ಗೆರೆ, ಮೇಲಿಂದ ಕೆಳಕ್ಕೆ ಒಂದೇ ಎಳೆತ, ಆ ಕೈ ಅವಳಿಗೆ ಗೊತ್ತಿಲ್ಲವೇ, ಕ್ಲಾಸಿನಲ್ಲಿ ಎಲ್ಲರ ಹಾಳೆಯ ಮೇಲೂ ಕೇಳದೆ ಇಳಿಯುವ ಕೈ, ಸೋಮಲಿಂಗಪ್ಪ ಮೇಷ್ಟ್ರ ಕೈ. ಕ್ಲಾಸಿನ ಹಾಳೆ ಹಾಳಾಗಲಿ, ಇದು ಮೊದಲ ಸಲ ಗೋಡೆಗೇರಿದ್ದು, ಕೆಳಗೆ ಚೀಟಿಯಲ್ಲಿ ಅಂಬುಜಾ, ೧೯೮೬, ಅಂತ ಇದೆ, ಈ ಗೆರೆ ಯಾವ ಅಂಬುಜಾಳದು? ಎಂಥಾ ಹಳದಿ ಅದು, ಮೂಡಲಪಾಳ್ಯದಲ್ಲಿ ಕರೆಂಟು ಹೋದಾಗ ಅಜ್ಜಿ ಒಳಗೆ ಬುಡ್ಡಿ ಹಚ್ಚಿದರೆ ಕತ್ತಲಲ್ಲಿ ಗೋಡೆಯಿಲ್ಲ ಸೂರಿಲ್ಲ, ಬಾಗಿಲೊಂದೇ ಕಾಣುತ್ತದೆ, ಅಜ್ಜಿ ಕಥೆ ಹೇಳ್ತಾಳೆ, ಒಬ್ಬ ರಾಕ್ಷಸ ಇದ್ನಂತೆ ಕಣೇ, ಮನೆ ಮುಟ್ಟಲಿಲ್ಲ, ದನ ಮುಟ್ಟಲಿಲ್ಲ, ಬಾಗಿಲೊಂದನ್ನೇ ನುಂಗಿ ಹೋದ, ಆಮೇಲೆ? ಆಮೇಲೇನು, ಒಳಗಿದ್ದೋರು ಒಳಗೇ, ಹೊರಗಿದ್ದೋರು ಹೊರಗೇ. ಮೇಷ್ಟ್ರು ಪಕ್ಕಕ್ಕೇ ಬಂದು ನಿಂತಿದ್ದಾರೆ, ಬೆರಳ ಸಂದಿಯಲ್ಲಿ ಇನ್ನೂ ಕರಿ, ನೋಡಮ್ಮ, ಈಗ ಹೆಂಗೆ ನಿಂತ್ಕೊಂತು, ಹಳದಿ ಸುಮ್ನೆ ಬಾಯಿ ಬಿಟ್ಕೊಂಡಿತ್ತು, ನನ್ನ ಚಿತ್ರಕ್ಕೂ ನಮ್ಮ ಮೇಷ್ಟ್ರು ಹಿಂಗೇ ಒಂದು ಎಳೆದಿದ್ರು, ಬಹುಮಾನ ಬಂದಿದ್ದೇ ಅದಕ್ಕೆ — ಹೌದು, ವಿಜಯನಗರದ ಅವರ ಮನೆಯಲ್ಲಿ ನೋಡಿದ್ದಾಳೆ, ಬಂದವರಿಗೆಲ್ಲ ಆ ಗೆರೆಯನ್ನೇ ತೋರಿಸುತ್ತಾರೆ, ದೇವರ ಪಟದ ಹಾಗೆ. ಥ್ಯಾಂಕ್ಸ್ ಸಾರ್ ಅಂದುಬಿಟ್ಟರೆ ಮುಗಿಯಿತು, ತನಗೂ ಬಹುಮಾನ ಬಂದೀತು, ನಾಳೆ ತಾನೂ ಯಾವ ಹುಡುಗಿಯ ಹಳದಿಯ ಮೇಲೋ ಕೇಳದೆ ಕೈಯಿಟ್ಟಾಳು, ಥೂ. ನಿಮ್ಮ ಚಿತ್ರದಲ್ಲಿ ಆ ಗೆರೆಯ ಅಡಿಯಲ್ಲಿ ಏನಿತ್ತು ಸಾರ್, ಕೇಳಿಯೇಬಿಟ್ಟಳು, ನೀವು ಬರೆದಿದ್ದು? ಮೇಷ್ಟ್ರು ನಕ್ಕರು, ಬಾಯಿ ತೆರೆದರು, ಏನೋ ಇತ್ತು ಕಣಮ್ಮ, ನೀಲಿಯೋ, ಅಲ್ಲ, ತಡಿ, ಏನೋ — ಕಣ್ಣು ಗೋಡೆಯ ಮೇಲೆ ತಡಕಾಡುತ್ತದೆ, ಒಳಕ್ಕೆ ಹೋಗಲು ದಾರಿಯೇ ಇಲ್ಲ, ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಮೈಯೆಲ್ಲ ಉರಿದುಹೋಯಿತು, ಸೆರಗನ್ನೇ ಮುದ್ದೆ ಮಾಡಿ ಹಸಿ ಕರಿಯ ಮೇಲೆ ಒತ್ತಿದಳು, ಏಯ್, ಏನಮ್ಮಾ ಇದು, ಜನ ಬರೋ ಹೊತ್ತು, ಬರಲಿ, ಉಜ್ಜಿದಳು, ಸೆರಗು ಕರಿ, ಅಂಗೈ ಕರಿ, ಮರೆತುಹೋಗುವ ಮೊದಲು ಉಜ್ಜು, ಒಳಗೆ ಅಜ್ಜಿ ಬುಡ್ಡಿ ಹಿಡಿದು ಕೂತಿದ್ದಾಳೆ, ಉಜ್ಜು, ಅಗೋ, ಉಗುರಿನಗಲ, ಕರಿ ಮೆತ್ತಿದ ಹಳದಿ, ಓರೆಯಾಗಿ ತೆರೆದ ಬಾಗಿಲು, ಬಾಗಿಲು —