ವೃತ್ತಿ: ಡ್ರೈವರ್

ನಾಲ್ಕನೆಯ ಸೂಜಿಯನ್ನು ರೋಗಿಯ ಮೊಣಕಾಲಿನ ಪಕ್ಕಕ್ಕೆ ಇಳಿಸುತ್ತಿದ್ದಾಗ ಸುಂದರಿಯ ಫೋನು ಮೇಜಿನ ಮೇಲೆ ಗುಂಯ್‌ಗುಡತೊಡಗಿತು. ಸೂಜಿ ಕೈಯಲ್ಲಿರುವಾಗ ಫೋನು ಮುಟ್ಟುವ ಅಭ್ಯಾಸ ಅವಳಿಗಿಲ್ಲ. ಫೋನು ನಿಂತಿತು, ಮತ್ತೆ ಶುರುವಾಯಿತು. ಐದನೆಯ ಸೂಜಿಯನ್ನೂ ಹಾಕಿ, ಕೈ ಒರೆಸಿಕೊಂಡು ಎತ್ತಿದರೆ ಹೆರಾಲ್ಡ್ ಸರ್. ಮಣಿಪಾಲದಲ್ಲಿ ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿ ನಿವೃತ್ತರಾದವರು. ಉಡುಪಿಯ ಅಕ್ಯುಪಂಕ್ಚರ್ ತರಗತಿಯಲ್ಲಿ ಅವಳಿಗೆ ಎಲುಬು, ಸ್ನಾಯುಗಳ ಪಾಠ ಹೇಳಿದವರು.

“ಬೀರಾನ್ ಮಾಸ್ಟ್ರು ಹೋದರು ಸುಂದರಿ. ಬೆಳಗಿನ ನಮಾಝ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತದ್ದಂತೆ. ಚಾ ತರುವಾಗ ಜೀವ ಇಲ್ಲ. ಮಧ್ಯಾಹ್ನದ ನಮಾಝ್ ಆದ ಮೇಲೆ ದಫನ. ಬರುವುದಾದರೆ ಬೇಗ ಹೊರಡಿ.”

‘ಬರುವುದಾದರೆ’ ಎಂದದ್ದು ಅವಳಿಗೆ ತಾಗಿತು. ಆದರೆ ಹೆರಾಲ್ಡ್ ಸರ್ ಹಾಗೆ ಹೇಳುವುದಕ್ಕೆ ಕಾರಣವಿತ್ತು.

ಹಾಕಿದ ಸೂಜಿ ಇಪ್ಪತ್ತು ನಿಮಿಷ ಇರಬೇಕು. ಸುಂದರಿ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿದಳು. ಕಾರ್ಕಳ ಬಸ್‌ಸ್ಟ್ಯಾಂಡಿನ ಗದ್ದಲ ಕಿಟಕಿಯಿಂದ ಒಳಗೆ ಬರುತ್ತಿತ್ತು. ಮಲಗಿದ್ದವರು ಒಬ್ಬರು ಶಾಲೆ ಮೇಷ್ಟ್ರು. ಅವಳ ಮುಖ ಗಮನಿಸಿ, ಎಂತ ಆಯಿತು ಎಂದು ಕೇಳಿದರು.

“ಒಬ್ಬರು ತೀರಿಕೊಂಡರು, ಕಾಪುವಿನಲ್ಲಿ.”

“ಯಾರು? ಸಂಬಂಧದವರಾ?”

“ಅಲ್ಲ, ಗುರ್ತದವರು,” ಎಂದಳು ಸುಂದರಿ.

ಇಪ್ಪತ್ತು ನಿಮಿಷ ಆಗುವವರೆಗೆ ಅವಳು ಮತ್ತೆ ಆ ಮೇಷ್ಟ್ರ ಮುಖ ನೋಡಲಿಲ್ಲ. ಆಮೇಲೆ ಸೂಜಿಗಳನ್ನು ತೆಗೆದು, ಬಾಗಿಲಿಗೆ ಬೀಗ ಹಾಕಿ, ಪಡುಬಿದ್ರಿಗೆ ಹೊರಟಿದ್ದ ಬಸ್ಸನ್ನು ಓಡಿ ಹಿಡಿದಳು.

*

ಹದಿನೈದು ವರ್ಷಗಳ ಹಿಂದಿನ ಮಾತು. ಸುಂದರಿ ಆಗ ಕಾರ್ಕಳದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ವಾರಕ್ಕೆರಡು ದಿನ ಉಡುಪಿಗೆ ಹೋಗಿ ಕಲಿಯಬೇಕೆಂಬ ಹಟ ಅವಳಿಗೆ ಹೇಗೆ ಬಂತೋ ಮನೆಯವರಿಗೆ ತಿಳಿಯಲಿಲ್ಲ. ಕಲ್ಸಂಕದ ಹತ್ತಿರ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ ಡಾಕ್ಟರ್ ಸರ್ವೋತ್ತಮ ತರಗತಿ ನಡೆಸುತ್ತಿದ್ದರು. ಗೋಡೆಯ ತುಂಬ ಅವರ ಪದವಿಗಳು ಕಟ್ಟು ಹಾಕಿಸಿಕೊಂಡು ಕೂತಿದ್ದವು. ಮೊದಲ ದಿನ ಅವರು ಒಂದು ಗಂಟೆ ಮಾತಾಡಿದರು. ಅದಾದ ಮೇಲೆ ಬಿಳಿ ಅಂಗಿ, ಬಿಳಿ ಲುಂಗಿಯ ಒಬ್ಬರು ಮುಂದೆ ಬಂದು ನಿಂತರು.

“ನನ್ನ ಹೆಸರು ಬೀರಾನ್. ಊರು ಕಾಪು. ನಾನು ಡಾಕ್ಟ್ರಲ್ಲ. ಕುವೈತಿನಲ್ಲಿ ಒಬ್ಬರು ಚೀನಾದ ಡಾಕ್ಟರಮ್ಮನ ಕಾರು ಹದಿನಾಲ್ಕು ವರ್ಷ ಓಡಿಸಿದವ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮಾಸ್ಟ್ರೂ ನಕ್ಕರು.

ಆ ಡಾಕ್ಟರಮ್ಮನ ಹೆಸರು ಮೇ. ಆಕೆಗೆ ಚೀನೀ ಭಾಷೆ ಬಿಟ್ಟರೆ ಅಷ್ಟಿಷ್ಟು ಇಂಗ್ಲಿಷು. ಬರುವ ರೋಗಿಗಳೋ ಮಲಯಾಳಿಗಳು, ಪಠಾಣರು, ಅರಬರು, ನಮ್ಮ ಕರಾವಳಿಯವರು. ಕಾರು ನಿಲ್ಲಿಸಿ ಹೊರಗೆ ಬೀಡಿ ಸೇದುತ್ತಿದ್ದ ಬೀರಾನರನ್ನು ಆಕೆ ಒಂದು ದಿನ ಒಳಗೆ ಕರೆದಳು. ಅವರಿಗೆ ಆರು ಭಾಷೆ ಬರುತ್ತಿತ್ತು. ಅಂದಿನಿಂದ ದಿನವಿಡೀ ಮಂಚದ ಪಕ್ಕ ನಿಂತು ಜನರ ನೋವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವುದು ಅವರ ಕೆಲಸವಾಯಿತು. ಒಮ್ಮೆ ಆಕೆ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ನಾಲ್ಕು ತಿಂಗಳು ಆಕೆ ಪಕ್ಕದಲ್ಲಿ ನಿಂತು ತೋರಿಸಿದ ಜಾಗಕ್ಕೆ ಇವರು ಸೂಜಿ ಹಾಕಿದರು. ಕೈ ಕೂಡಿದ ಮೇಲೂ ಆಕೆ ಬಿಡಲಿಲ್ಲ. ಪ್ರತಿ ಶುಕ್ರವಾರ ರಜೆಯ ಸಂಜೆ ಸಮುದ್ರದ ಬದಿಯಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಮನುಷ್ಯ ಶರೀರದ ಪಟ ಹರಡಿ ಪಾಠ ಮಾಡಿದಳು. ಹತ್ತು ವರ್ಷ ಹಾಗೆ ನಡೆಯಿತು.

ಕಲಿತ ರೀತಿಯಲ್ಲೇ ಅವರು ಕಲಿಸಿದರು. ಮೊದಲ ಎರಡು ತಿಂಗಳು ಸೂಜಿ ಮುಟ್ಟಲು ಬಿಡಲಿಲ್ಲ. ಬರೀ ಕೇಳುವ ಪಾಠ. ಚುಚ್ಚುತ್ತದಾ, ಉರಿಯುತ್ತದಾ, ಸೆಳೆಯುತ್ತದಾ, ಹಿಂಡಿದ ಹಾಗಾ, ಕಲ್ಲು ಇಟ್ಟ ಹಾಗಾ? ಬೆಳಿಗ್ಗೆಯಾ, ಉಂಡ ಮೇಲೆಯಾ? “ನಮ್ಮ ಊರಿನ ಹೆಂಗಸರು ‘ಬೇನೆ’ ಅಂತ ಒಂದೇ ಶಬ್ದ ಹೇಳಿ ಸುಮ್ಮನಾಗ್ತಾರೆ,” ಎನ್ನುತ್ತಿದ್ದರು. “ಬಿಡಬೇಡಿ. ಅವರಿಗೆ ಅದನ್ನು ಇಷ್ಟರವರೆಗೆ ಯಾರೂ ಕೇಳಿರುವುದಿಲ್ಲ.”

ಸೂಜಿ ಹಿಡಿಯುವ ದಿನ ಬಂದಾಗ ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕುರ್ಚಿಯಲ್ಲಿ ಕೂತರು. ಮೊದಲ ಸೂಜಿ ನನಗೆ, ಎಂದರು. ಮೊಣಕಾಲಿನ ಕೆಳಗೆ ನಾಲ್ಕು ಬೆರಳು, ಎಲುಬಿನಿಂದ ಒಂದು ಬೆರಳು ಹೊರಗೆ. ಝುಸಾನ್‌ಲಿ ಎಂದು ಅದರ ಚೀನೀ ಹೆಸರು. ಕಾಪುವಿನಿಂದ ಇನ್ನಂಜೆಗೆ ನಡೆದು ಸುಸ್ತಾದವನು ಆ ಜಾಗಕ್ಕೆ ಒಂದು ಸೂಜಿ ಹಾಕಿಸಿಕೊಂಡರೆ ಇನ್ನೂ ಮೂರು ಮೈಲಿ ನಡೆದಾನು ಎಂದು ಅರ್ಥ ಬಿಡಿಸಿದ್ದರು. ಸುಂದರಿ ಹಾಕಿದ ಸೂಜಿ ಬಾಗಿಯೇ ಹೋಯಿತು. ರಕ್ತ ಒಂದು ಹನಿ ಬಂತು. ಮಾಸ್ಟ್ರು ಹತ್ತಿಯಿಂದ ಒತ್ತಿಕೊಂಡು, “ಅಡ್ಡಿಯಿಲ್ಲ, ಇನ್ನೊಂದು ಕಾಲು ಉಂಟಲ್ಲ,” ಎಂದರು. ಆ ಎರಡು ಕಾಲುಗಳು ಎಷ್ಟು ಜನರ ಮೊದಲ ಸೂಜಿ ಕಂಡವೋ.

ಮೂರು ವರ್ಷದಲ್ಲಿ ಸುಂದರಿ ಅದೇ ತರಗತಿಯಲ್ಲಿ ಹೊಸಬರಿಗೆ ಹೇಳಿಕೊಡುವಷ್ಟಾದಳು. ಶನಿವಾರ ಪಾಠ ಮುಗಿದರೆ ಮೂವರೂ ಕೆಳಗಿನ ಹೋಟೆಲಿನಲ್ಲಿ ಬನ್ಸು ತಿನ್ನುತ್ತಿದ್ದರು: ಹೆರಾಲ್ಡ್ ಸರ್, ಮಾಸ್ಟ್ರು, ಅವಳು. ಗೋಡೆಗೆ ಒರಗಿ ಕೂತು ಮಾಸ್ಟ್ರು ಕುವೈತಿನ ಕತೆ ಹೇಳುವರು. ನಗಾಡಿ ನಗಾಡಿ ಹೆರಾಲ್ಡ್ ಸರ್‌ಗೆ ಬನ್ಸು ನೆತ್ತಿಗೆ ಹತ್ತುವುದು. ಬದುಕಿನಲ್ಲಿ ಅಷ್ಟು ಹಗುರವಾದ ಸಂಜೆಗಳು ಅವಳಿಗೆ ಮತ್ತೆ ಸಿಗಲಿಲ್ಲ.

*

ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಾಗ ಹನ್ನೊಂದೂವರೆ. ಕಾಪುವಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸರಳು ಹಿಡಿದು ನಿಂತವಳಿಗೆ, ನೆನೆಯಬಾರದೆಂದು ಏಳು ವರ್ಷ ತಳ್ಳುತ್ತ ಬಂದ ದಿನ ಎದುರಿಗೆ ಬಂದು ನಿಂತಿತು.

ಬೆಂಗಳೂರಿನಿಂದ ಮೂವರು ತಪಾಸಣೆಗೆ ಬರುವವರಿದ್ದರು. ಅವರು ಒಪ್ಪಿದರೆ ಇಲ್ಲಿ ಕಲಿತವರ ಸರ್ಟಿಫಿಕೇಟಿಗೆ ಬೆಲೆ, ಇಲ್ಲವಾದರೆ ಬರೀ ಕಾಗದ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ವೃತ್ತಿಯ ಹಿನ್ನೆಲೆ ಬರೆದುಕೊಡಬೇಕಿತ್ತು. ಮಾಸ್ಟ್ರು ಬರೆದರು: ‘ವೃತ್ತಿ: ಡ್ರೈವರ್.’ ಡಾಕ್ಟರ್ ಸರ್ವೋತ್ತಮ ಅದನ್ನು ‘ಕ್ಲಿನಿಕಲ್ ಅಸಿಸ್ಟೆಂಟ್’ ಎಂದು ತಿದ್ದಲು ಎಷ್ಟೋ ಹೇಳಿನೋಡಿದರು. ಅವರೇನು ಕೆಟ್ಟವರಲ್ಲ, ಕಟ್ಟಿದ್ದು ಬೀಳುತ್ತದೆಂಬ ಹೆದರಿಕೆ ಅವರಿಗೆ.

“ಓಡಿಸಿದ್ದು ಗಾಡಿಯೇ ಅಲ್ವಾ ಡಾಕ್ಟ್ರೇ,” ಎಂದಿದ್ದರು ಮಾಸ್ಟ್ರು. “ಅದರಲ್ಲಿ ಮುಚ್ಚಿಡುವುದು ಎಂತ ಉಂಟು?”

ಕೊನೆಗೆ ಶಿಕ್ಷಕರ ಪಟ್ಟಿಯಿಂದ ಮಾಸ್ಟ್ರ ಹೆಸರೇ ಹೋಯಿತು. ತಪಾಸಣೆಯ ದಿನ ಅವರು ತರಗತಿಗೆ ಬಂದು ಹಿಂದೆ, ನೀರಿನ ಫಿಲ್ಟರಿನ ಪಕ್ಕದ ಬೆಂಚಿನಲ್ಲಿ ಕೂತರು. ನೋಡಿದವರು ಅಟೆಂಡರ್ ಎಂದುಕೊಳ್ಳಬೇಕು. ಬಂದವರಲ್ಲೊಬ್ಬರು ಸುಂದರಿ ಸೂಜಿ ಹಾಕುವುದನ್ನು ಬಗ್ಗಿ ನೋಡಿ, ಕೈ ತುಂಬ ಚೆನ್ನಾಗಿದೆ, ಯಾರು ಕಲಿಸಿದ್ದು, ಎಂದು ಕೇಳಿದರು.

ಅವಳು ಬೆಂಚಿನ ಕಡೆ ನೋಡಿದಳು. ಮಾಸ್ಟ್ರು ಅವಳನ್ನೇ ನೋಡುತ್ತಿದ್ದರು. ನರ್ಸಿಂಗ್ ಹೋಮಿನ ಬೆಡ್‌ಪ್ಯಾನು, ಊರಲ್ಲಿ ಹಾಕಬೇಕೆಂದಿದ್ದ ಬೋರ್ಡು, ಎಲ್ಲ ಒಟ್ಟಿಗೆ ತಲೆಗೆ ಬಂತು.

“ಡಾಕ್ಟರ್ ಸರ್ವೋತ್ತಮ ಸರ್,” ಎಂದಳು.

ಮಾಸ್ಟ್ರು ಮುಖ ತಿರುಗಿಸಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ಆ ಮಹಡಿ ಹತ್ತಲಿಲ್ಲ. ನಾಳೆ ಹೋಗಿ ಕಾಲು ಹಿಡಿಯುತ್ತೇನೆ ಎಂದು ಅವಳು ಆ ರಾತ್ರಿ ಅಂದುಕೊಂಡಳು. ನಾಳೆ ಅನ್ನುವುದು ವಾರವಾಯಿತು, ವಾರ ವರ್ಷವಾಯಿತು. ತಡವಾದಷ್ಟೂ ಕಾರ್ಕಳದಿಂದ ಕಾಪು ದೂರವಾಗುತ್ತ ಹೋಯಿತು.

*

ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ ಮನೆ. ಅಂಗಳದಲ್ಲಿ ಶಾಮಿಯಾನ, ಕೆಂಪು ಕುರ್ಚಿಗಳು, ತಲೆಗೆ ಟೊಪ್ಪಿ ಹಾಕಿದ ಗಂಡಸರು. ಒಂದು ಬದಿಯಲ್ಲಿ ಡಾಕ್ಟರ್ ಸರ್ವೋತ್ತಮ ಕೋಲಿಗೆ ಗಲ್ಲ ಊರಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಹೆರಾಲ್ಡ್ ಸರ್ ಎದ್ದು ಬಂದು ಅವಳನ್ನು ಮಾಸ್ಟ್ರ ಮಗಳು ಉಮೈರಾಳಿಗೆ ಒಪ್ಪಿಸಿದರು. ಉಮೈರಾ ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. ಸುಂದರಿಯಕ್ಕ ಬನ್ನಿ ಎಂದು, ಎಂದೂ ನೋಡದವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮೀಯಿಸಿ, ಬಿಳಿ ಬಟ್ಟೆ ಹೊದಿಸಿ ಆಗಿತ್ತು. ಮುಖ ಮಾತ್ರ ತೆರೆದಿತ್ತು. ಬಾಗಿಲ ಹತ್ತಿರ ನಿಂತು ಸುಂದರಿ ನೋಡಿದಳು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಾರದೋ ಮಾತು ಕೇಳಿಸಿಕೊಳ್ಳುವಾಗ ತಲೆ ಸ್ವಲ್ಪ ಒಂದು ಕಡೆಗೆ ವಾಲಿಸುವುದು ಅವರ ರೂಢಿ. ಈಗಲೂ ಹಾಗೆಯೇ ವಾಲಿತ್ತು. ಕೈಮುಗಿಯಬಹುದೋ ಬಾರದೋ ತಿಳಿಯದೆ ಸೆರಗಿನೊಳಗೆ ಎರಡೂ ಕೈ ಸೇರಿಸಿ ಹಿಡಿದುಕೊಂಡಳು.

ಒಳಕೋಣೆಯಲ್ಲಿ ಹೆಂಗಸರ ನಡುವೆ ಮಾಸ್ಟ್ರ ಹೆಂಡತಿ ರುಕಿಯಮ್ಮ ಕೂತಿದ್ದರು. ಕನ್ನಡ ಅವರಿಗೆ ಅಷ್ಟು ಬಾರದು, ತುಳುವಿನಲ್ಲೇ ಮಾತಾಡಿದರು. ಕಾರ್ಕಳದ ಸುಂದರಿಯಾ ಎಂದು ಕೇಳಿ ಪಕ್ಕದಲ್ಲಿ ಕೂರಿಸಿಕೊಂಡರು. ಅಮ್ಮಾ ನಾನು ಆ ದಿನ ತಪ್ಪು ಮಾಡಿದೆ ಎಂದಳು ಸುಂದರಿ. ಗೊತ್ತುಂಟು ಎಂದರು ರುಕಿಯಮ್ಮ.

“ಬೇಸರ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ ಮಗಾ. ಮೂರು ತಿಂಗಳು ಸೂಜಿಯ ಪೆಟ್ಟಿಗೆ ತೆರೆಯಲಿಲ್ಲ ಅವರು. ಕಡಲಿನ ಬದಿಗೆ ಹೋಗಿ ಕೂರುತ್ತಿದ್ದರು.”

ಪಕ್ಕದ ಮನೆಯವನೊಬ್ಬ ಕುತ್ತಿಗೆ ತಿರುಗದೆ ಬಂದು ಅಂಗಳದಲ್ಲಿ ಕೂತ ಮೇಲೆಯೇ ಮತ್ತೆ ಶುರುವಾದದ್ದಂತೆ. ಜಗಲಿಯ ತುದಿಯ ಕೋಣೆಯಲ್ಲಿ ಒಂದು ಬೆಂಚು ಹಾಕಿಕೊಂಡರು. ಉಚ್ಚಿಲದಿಂದ, ಶಿರ್ವದಿಂದ ಜನ ಬಂದರು, ಕಾರ್ಕಳದ ಕಡೆಯಿಂದಲೂ ಬಂದರು.

“ಕಾರ್ಕಳದವರು ಬಂದರೆ ಬಯ್ಯುತ್ತಿದ್ದರು,” ಎಂದರು ರುಕಿಯಮ್ಮ. “ಅಲ್ಲಿ ಸುಂದರಿ ಇರುವಾಗ ಇಷ್ಟು ದೂರ ಯಾಕೆ ಬರುವುದು, ನನಗಿಂತ ಅವಳ ಕೈ ಹಗುರ, ಅಂತ. ನಿನ್ನ ಹೆಸರು, ನೀನು ಕೂರುವ ಜಾಗದ ಗುರ್ತ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು.”

ಯಾರೋ ಹೇಳಿ ಕಳಿಸಿದರು ಎನ್ನುತ್ತ ಬಾಗಿಲಿಗೆ ಬಂದವರ ಮುಖಗಳು ಸುಂದರಿಯ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ಬೋರ್ಡು ಹಾಕಿದ ಹೊಸದರಲ್ಲಿ ಒಬ್ಬರೂ ಬಾರದ ದಿನಗಳಿದ್ದವು. ಆಮೇಲೆ ಒಂದು ಸೋಮವಾರದಿಂದ ಬರತೊಡಗಿದ್ದರು. ಯಾರು ಹೇಳಿದ್ದು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವಳು ರುಕಿಯಮ್ಮನ ತೊಡೆಯ ಮೇಲೆ ಮುಖವಿಟ್ಟಳು. ಗಂಡನನ್ನು ಕಳೆದುಕೊಂಡವರೇ ಅವಳ ಬೆನ್ನು ಸವರಿದರು.

ಅಷ್ಟರಲ್ಲಿ ಹೊರಗೆ ಮಾಸ್ಟ್ರ ಮಗ ಶಫೀಕನ ದನಿ ಕೇಳಿತು. ಹೊರಡುವ ಹೊತ್ತಾಗಿತ್ತು. ಗಂಡಸರು ಶವದ ಮಂಚಕ್ಕೆ ಹೆಗಲು ಕೊಟ್ಟು, ದೇವರ ಹೆಸರು ಹೇಳುತ್ತ ಮಸೀದಿಯ ಕಡೆಗೆ ಹೊರಟರು. ಹೆರಾಲ್ಡ್ ಸರ್, ಸರ್ವೋತ್ತಮ ಇಬ್ಬರೂ ಹಿಂದಿನಿಂದ ನಡೆದರು. ಹೆಂಗಸರು ಕಿಟಕಿಯ ಹತ್ತಿರ ನಿಂತು, ದನಿ ಕೇಳುವಷ್ಟು ಹೊತ್ತು ಕೇಳಿದರು.

*

ಅಂಗಳ ಖಾಲಿಯಾಗಿ ಅರ್ಧ ಗಂಟೆ ಆಗಿರಬೇಕು. ಗೇಟಿನ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕೊಡೆ ಊರಿಕೊಂಡು ನಿಂತಿದ್ದಳು. ಎಲ್ಲೂರಿನವಳು, ಹೆಸರು ಬೇಬಿ. ವಾರಕ್ಕೊಮ್ಮೆ ಸೊಂಟ ನೋವಿಗೆ ಬರುವವಳು. ಎರಡು ಬಸ್ಸು ಹಿಡಿದು ಬಂದಿದ್ದಳು. ಸುದ್ದಿ ತಿಳಿದಿರಲಿಲ್ಲ. ಉಮೈರಾ ಹೇಳಿದಾಗ ಜಗಲಿಯ ಮೆಟ್ಟಿಲಿನಲ್ಲೇ ಕುಸಿದು ಕೂತಳು. ಅತ್ತು, ಮೂಗು ಒರೆಸಿಕೊಂಡು, ಹಾಗಾದರೆ ನಾನು ಹೋಗುತ್ತೇನೆ ಎಂದು ಏಳಲು ಹೋದರೆ ಸೊಂಟ ಏಳಲು ಬಿಡಲಿಲ್ಲ. ಮುಖ ಕಿವುಚಿಕೊಂಡಳು.

ವಿಷಯ ಒಳಗೆ ಹೋಯಿತು. ಗಂಡ ತೀರಿಕೊಂಡ ಹೆಂಗಸು ಮರೆಯಲ್ಲಿರಬೇಕಾದ ದಿನಗಳು ಶುರುವಾದ್ದರಿಂದ ರುಕಿಯಮ್ಮ ಹೊರಗೆ ಬರುವಂತಿರಲಿಲ್ಲ. ಬಾಗಿಲ ಪರದೆಯ ಆಚೆಯಿಂದ ಒಂದು ಬೀಗದ ಕೈ ನೀಡಿದರು.

“ಬಂದವರನ್ನು ಹಾಗೇ ಕಳಿಸಿದ್ದು ಈ ಮನೆಯಲ್ಲಿಲ್ಲ. ನಿನಗೆ ಆಗುವುದಾದರೆ ನೋಡು ಮಗಾ.”

ಕೋಣೆ ಸಣ್ಣದು. ಬೆಂಚು, ಒಂದು ಕುರ್ಚಿ, ಕಿಟಕಿಯ ಮೇಲೆ ಸೂಜಿಯ ಪೊಟ್ಟಣಗಳು. ಗೋಡೆಯಲ್ಲಿ ಒಂದೇ ಒಂದು ಕಾಗದವೂ ಇರಲಿಲ್ಲ. ಸುಂದರಿ ಬೇಬಿಯನ್ನು ಮಗ್ಗುಲಿಗೆ ಮಲಗಿಸಿ, ಎಲ್ಲಿ, ಹೇಗೆ, ಯಾವಾಗ ಎಂದು ನಿಧಾನವಾಗಿ ಕೇಳಿದಳು. ಉತ್ತರ ಹೇಳುತ್ತ ಹೇಳುತ್ತ ಆ ಮುದುಕಿ ಕುತ್ತಿಗೆ ತಿರುಗಿಸಿ ಇವಳನ್ನು ಅನುಮಾನದಿಂದ ನೋಡಿದಳು.

“ನೀವು ಡಾಕ್ಟ್ರಾ?”

“ಅಲ್ಲ.”

“ಮತ್ತೆ ಇದೆಲ್ಲ ಎಲ್ಲಿ ಕಲಿತದ್ದು?”

“ಬೀರಾನ್ ಮಾಸ್ಟ್ರ ಹತ್ತಿರ,” ಎಂದಳು ಸುಂದರಿ. “ಅವರೇ ಕೈ ಹಿಡಿದು ಕಲಿಸಿದ್ದು.”

ಬೇಬಿ ಹೌದಾ ಎಂದು ತಲೆಯನ್ನು ದಿಂಬಿಗೆ ಇಟ್ಟಳು. ಆರು ಸೂಜಿ ಹಾಕಿ ಸುಂದರಿ ಕುರ್ಚಿಯಲ್ಲಿ ಕೂತಳು. ಐದು ನಿಮಿಷದಲ್ಲಿ ಮುದುಕಿಗೆ ನಿದ್ದೆ ಹತ್ತಿತು.

ಮಣ್ಣು ಮುಗಿಸಿ ಗಂಡಸರು ಗುಂಪು ಗುಂಪಾಗಿ ಹಿಂದಿರುಗಿದರು. ಮುಂದೆ ಶಫೀಕ್, ಅವನ ಹಿಂದೆ ಹೆರಾಲ್ಡ್ ಸರ್, ಅವರ ತೋಳು ಹಿಡಿದುಕೊಂಡು ಡಾಕ್ಟರ್ ಸರ್ವೋತ್ತಮ. ಎಲ್ಲರ ಕಾಲಿಗೂ ದಫನದ ಜಾಗದ ಹೊಯಿಗೆ ಮೆತ್ತಿತ್ತು. ಯಾರೋ ಏನೋ ಗಟ್ಟಿಯಾಗಿ ಹೇಳುತ್ತ ಬಂದವರು ಜಗಲಿಯ ಹತ್ತಿರ ತಟ್ಟನೆ ನಿಂತರು. ತೆರೆದ ಬಾಗಿಲಿನಿಂದ ಬೇಬಿಯ ಗೊರಕೆ ಕೇಳುತ್ತಿತ್ತು, ಸಣ್ಣಗೆ, ಒಂದೇ ಸಮನೆ. ಶಫೀಕ್ ಒಳಗೆ ಇಣುಕಿ ನೋಡಿದ. ಆಮೇಲೆ ಅಂಗಳದ ನಲ್ಲಿಯ ಹತ್ತಿರ ಹೋಗಿ, ನೀರು ಕಲ್ಲಿಗೆ ಬಿದ್ದು ಸದ್ದಾಗದ ಹಾಗೆ ಕೈಯನ್ನು ಕೆಳಗೆ ಹಿಡಿದು ಸಣ್ಣಗೆ ತಿರುಗಿಸಿದ. ಮುಂದೆ ಬರುವಂತೆ ಡಾಕ್ಟರ್ ಸರ್ವೋತ್ತಮರಿಗೆ ಕಣ್ಣಲ್ಲೇ ಹೇಳಿದ. ಅವರು ಚಪ್ಪಲಿ ಬಿಟ್ಟು, ಹೆರಾಲ್ಡ್ ಸರ್ ಅವರ ಹೆಗಲು ಹಿಡಿದುಕೊಂಡು, ಮೊದಲು ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ನೀರಿಗೆ ಒಡ್ಡಿದರು. ಅವರ ಹಿಂದೆ ಗಂಡಸರು ಮಾತಿಲ್ಲದೆ ಸಾಲಾಗಿ ನಿಂತರು.