ಹಾಲಿನ ಲೋಟದಲ್ಲಿ ಬಚ್ಚಿಟ್ಟ ಮಾತ್ರೆ

ಕೇಕಿನ ಮೇಲಿನ ಹೆಸರು ಚಿಕ್ಕದಾಗುತ್ತಿದೆ ಎಂದು ಮೊದಲು ಹೇಳಿದವರು ಎದುರು ಅಂಗಡಿಯ ಗಡಿಯಾರ ರಿಪೇರಿಯವರು. ಮೊಮ್ಮಗಳ ಹುಟ್ಟುಹಬ್ಬದ ಕೇಕು ಒಯ್ಯಲು ಬಂದವರು ಡಬ್ಬದ ಮುಚ್ಚಳ ತೆಗೆದು, ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, "ಏನಮ್ಮ, ಹೆಸರು ಬರೆದಿದ್ದಾರೋ, ಇರುವೆ ಹರಿದು ಹೋಗಿದೆಯೋ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಲ್ಲಾದಲ್ಲಿ ಕೂತಿದ್ದ ಬೇಕರಿಯವನ ಹೆಂಡತಿಯೂ ನಕ್ಕಳು. ನಗುತ್ತಲೇ ಡಬ್ಬದ ಮುಚ್ಚಳ ಬೇಗಬೇಗ ಮುಚ್ಚಿ ದಾರ ಕಟ್ಟಿದಳು.

ಅವಳ ಗಂಡನನ್ನು ಬೀದಿಯವರು ಕೇಕಣ್ಣ ಎಂದೇ ಕರೆಯುತ್ತಿದ್ದರು. ಕೆನೆ ತುಂಬಿದ ಕೋನು ಹಿಡಿದು ಅವನು ಹೆಸರು ಬರೆದರೆ ಅಕ್ಷರಗಳು ಹೊಟ್ಟೆ ತುಂಬ ಉಂಡು ಒರಗಿ ಕೂತವರ ಹಾಗೆ ದುಂಡುದುಂಡಾಗಿ ಕೂರುತ್ತಿದ್ದವು. ಈಗ ಮೊದಲ ಅಕ್ಷರ ಸರಿಯಿದ್ದರೆ ಕೊನೆಯದು ಸಾಸಿವೆ ಕಾಳಿನಷ್ಟಾಗುತ್ತಿತ್ತು. ಬಲಗೈ ಸುಮ್ಮನಿದ್ದಾಗಲೂ ನಡುಗುತ್ತಿತ್ತು. ಮುಖ ಗೋಡೆಯ ಹಾಗೆ. ನಕ್ಕರೂ ಗೊತ್ತಾಗದು, ನೊಂದರೂ ಗೊತ್ತಾಗದು.

ಅದು ಯಾಕೆ ಎಂಬುದು ಅವಳಿಗೆ ಗೊತ್ತಿತ್ತು. ನರದ ಡಾಕ್ಟರು ಹೇಳಿದ್ದರು, ಇದು ಪಾರ್ಕಿನ್ಸನ್ ಕಾಯಿಲೆ. ಕೈಕಾಲು ಸಲೀಸಾಗಿ ಆಡಲು ಮೆದುಳಿಗೆ ಬೇಕಾದ ಒಂದು ರಸ ಕಡಿಮೆಯಾಗುತ್ತದೆ, ಮಾತ್ರೆ ಅದನ್ನು ತುಂಬಿಕೊಡುತ್ತದೆ. ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಆದರೆ ಹತೋಟಿಯಲ್ಲಿಟ್ಟುಕೊಂಡು ಬಹಳ ಕಾಲ ಬಾಳಬಹುದು. ಇಷ್ಟರಲ್ಲಿ ಅವಳ ಕಿವಿಗೆ ಬಿದ್ದದ್ದು ಗುಣವಾಗುವುದಿಲ್ಲ ಎಂಬುದೊಂದೇ. ಮನೆಗೆ ಬಂದವಳೇ ಗಂಡನಿಗೆ ಕಟ್ಟಪ್ಪಣೆ ಮಾಡಿದಳು.

"ಯಾರಿಗೂ ಹೇಳಬೇಡಿ. ಕೈ ನಡುಗೋರ ಕೇಕು ಯಾರು ತಿಂತಾರೆ?"

ಕೇಕಣ್ಣ ತಲೆಯಾಡಿಸಿದ. ಮೊದಲಿನಿಂದಲೂ ಜಗಳಗಂಟನಲ್ಲ.

ಅಂದಿನಿಂದ ಬಚ್ಚಿಡುವುದೇ ಅವಳಿಗೊಂದು ಕೆಲಸವಾಯಿತು. ನಾಲ್ಕು ಹೆಜ್ಜೆ ದೂರದಲ್ಲೇ ಔಷಧಿ ಅಂಗಡಿಯಿದ್ದರೂ, ಅಲ್ಲಿ ತೆಗೆದುಕೊಂಡರೆ ಬೀದಿಗೆ ಗೊತ್ತಾಗುತ್ತದೆಂದು ಬಸ್ಸು ಹತ್ತಿ ಹೋಗಿ ಊರಾಚೆಯ ಅಂಗಡಿಯಿಂದ ಮಾತ್ರೆ ತರುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಗಂಡ ಮಾತ್ರೆ ನುಂಗಿದರೆ ಹಿಟ್ಟು ನಾದುವವರು ನೋಡುತ್ತಾರಲ್ಲ? ಅದಕ್ಕೂ ಉಪಾಯ ಸಿಕ್ಕಿತು. ಆ ಉಪಾಯ ತಂದವಳು ಅವಳ ತಂಗಿ.

ತಂಗಿಗೆ ಮಾತ್ರ ವಿಷಯ ಗೊತ್ತಿತ್ತು. ಅವಳು ಮೊಬೈಲಿಗೆ ವಿಡಿಯೊ ಮೇಲೆ ವಿಡಿಯೊ ಕಳಿಸಿದಳು. ಒಂದರಲ್ಲಿ ಕಟ್ಟುಮಸ್ತಾದ ಆಳೊಬ್ಬ ಪ್ರೋಟೀನ್ ಪುಡಿಯ ಡಬ್ಬ ತೋರಿಸಿ ನರಕ್ಕೆ ಬಲ ಬರುತ್ತದೆ ಎಂದಿದ್ದ. ಇನ್ನೊಂದರಲ್ಲಿ ನಸುಗುನ್ನಿ ಬೀಜದ ಪುಡಿ. ಮತ್ತೊಂದರಲ್ಲಿ ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆ. "ಅಕ್ಕಾ, ಔಷಧಿ ಅಲ್ಲ ಇದು, ಬರೀ ಆಹಾರ. ಒಳ್ಳೇದಾದ್ರೆ ಆಗ್ಲಿ, ಕೆಟ್ಟದ್ದಂತೂ ಆಗಲ್ಲ," ಎಂದಳು ತಂಗಿ.

ಅಕ್ಕ ಎಲ್ಲವನ್ನೂ ತರಿಸಿದಳು. ಪ್ರೋಟೀನ್ ಪುಡಿಯನ್ನೂ ಬೀಜದ ಪುಡಿಯನ್ನೂ ಹಾಲಿಗೆ ಕಲಸಿ, ಡಾಕ್ಟರು ಕೊಟ್ಟ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಅದಕ್ಕೇ ಪುಡಿಮಾಡಿ ಹಾಕಿ ಸ್ಟೀಲ್ ಲೋಟದಲ್ಲಿ ಕಳಿಸತೊಡಗಿದಳು. ನಾದುವವರು ಕೇಳಿದರೆ "ಯಜಮಾನರು ಶಕ್ತಿಗೆ ಕುಡೀತಾರೆ" ಎಂಬ ಉತ್ತರ ಸಿದ್ಧವಿತ್ತು. ಒಂದು ಪೌಂಡು ಕೇಕಿಗೂ ಸಕ್ಕರೆ, ಸೋಡಾ ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿಯೇ ಹಾಕುವ ಹೆಂಗಸು ಗಂಡನ ಲೋಟಕ್ಕೆ ಮಾತ್ರ ಕಣ್ಣಳತೆಯಲ್ಲಿ ಸುರಿದಳು. ನಾಲ್ಕು ಚಮಚ ಹೆಚ್ಚಾದರೆ ನಾಲ್ಕು ಪಟ್ಟು ಬಲ ಬಂದೀತೆಂಬ ಲೆಕ್ಕ.

ಬಲ ಬರಲಿಲ್ಲ. ಮೊದಲು ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತಿದ್ದ ಮೈ ಈಗ ಮಧ್ಯಾಹ್ನವಾದರೂ ಬಿಗಿದೇ ಇರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ತಿಣುಕಾಡುತ್ತಿದ್ದ. ಮಾತ್ರೆಯೇ ಬರಬರುತ್ತ ಕೆಲಸ ಮಾಡುತ್ತಿಲ್ಲ ಎಂದುಕೊಂಡ ಹೆಂಡತಿ ಪುಡಿಯನ್ನು ಇನ್ನಷ್ಟು ಹೆಚ್ಚಿಸಿದಳು.

ಒಂದು ಬೆಳಗ್ಗೆ ಅಂಗಡಿ ತುಂಬ ಜನ. ಬನ್ನಿನ ಟ್ರೇ ಹಿಡಿದು ಓವನ್ ಕೋಣೆಯಿಂದ ಬಂದ ಕೇಕಣ್ಣ ಬಾಗಿಲಲ್ಲಿ ಗಕ್ಕನೆ ನಿಂತುಬಿಟ್ಟ. ಕಾಲು ನೆಲಕ್ಕೆ ಅಂಟಿದಂತಾಯಿತು. ಮೈ ಮುಂದಕ್ಕೆ ವಾಲಿತು, ಹೆಜ್ಜೆ ಏಳಲಿಲ್ಲ. ಟ್ರೇ ವಾಲಿ ಬನ್ನುಗಳು ಗಿರಾಕಿಗಳ ಕಾಲ ಬಳಿ ಉರುಳಿದವು.

"ಏನ್ ಕೇಕಣ್ಣ, ಬೆಳ್‌ಬೆಳಗ್ಗೆನೇ ಹಾಕ್ಕೊಂಡಿದೀರಾ?" ಎಂದರು ಗಡಿಯಾರದವರು, ತಮಾಷೆಗೆ.

ಎಲ್ಲರೂ ಅವಳ ಕಡೆ ನೋಡಿದರು. ಕಾಯಿಲೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲಗೆ ತುದಿಗೆ ಬಂದದ್ದು ಬೇರೆಯೇ.

"ಏನ್ ಮಾಡೋದು ಹೇಳಿ. ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಸೋತ್ಹೋಯ್ತು."

ಜನ ನಕ್ಕು ಚದುರಿದರು. ಜೀವಮಾನದಲ್ಲಿ ಒಂದು ತೊಟ್ಟೂ ಕುಡಿಯದ ಮನುಷ್ಯ ಖಾಲಿ ಟ್ರೇ ಹಿಡಿದುಕೊಂಡು ಹೆಂಡತಿಯನ್ನು ನೋಡಿದ. ಮುಖದಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದದ್ದೇ ಅವಳನ್ನು ತಿಂದಿತು. ಬಗ್ಗಿ ಬನ್ನು ಆರಿಸುವ ನೆಪದಲ್ಲಿ ತಲೆ ತಗ್ಗಿಸಿದವಳು ಬಹಳ ಹೊತ್ತು ಎತ್ತಲಿಲ್ಲ.

ಮರುದಿನ ಅವನು ಅಂಗಡಿಯ ಮೇಲಿನ ಮಹಡಿ ಮನೆಯಿಂದ ಇಳಿಯಲಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದವನು, ಅವಳು ಲೋಟ ತಂದಾಗ ಪಕ್ಕಕ್ಕೆ ಸರಿಸಿದ. ಅವನ ದನಿ ಈಚೆಗೆ ಸಣ್ಣಗಾಗಿತ್ತು. ಕೇಳಲು ಅವಳು ಬಗ್ಗಬೇಕಾಯಿತು.

"ಕುಡುಕನ ಕೇಕು ಯಾರು ತಿಂತಾರೆ? ನೀನೇ ನೋಡ್ಕೋ. ಮಾತ್ರೆನೂ ಬೇಡ ನಂಗೆ. ಅದ್ರಿಂದ ಏನಾಗಿದೆ?"

ಆ ದಿನ ಗಾಜಿನ ಕಪಾಟಿನಲ್ಲಿ ಕೇಕುಗಳೆಲ್ಲ ಹೆಸರಿಲ್ಲದೆ ಬೋಳಾಗಿ ಕೂತಿದ್ದವು. ಸಂಜೆ ಡ್ಯೂಟಿ ಮುಗಿಸಿ ಬ್ರೆಡ್ಡು ಒಯ್ಯಲು ಬಂದ ನರ್ಸಮ್ಮ ಅದನ್ನು ನೋಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡು ನೋಡಿಕೊಳ್ಳುವವರು; ಬೀದಿಯವರಿಗೆಲ್ಲ ಅವರು ಸಿಸ್ಟರ್. ಹಿಂದಿನ ದಿನ ಬನ್ನು ಉರುಳಿದಾಗಲೂ ಅಂಗಡಿಯ ಮೂಲೆಯಲ್ಲಿದ್ದರು. ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು, ಹಿಟ್ಟಿನ ಮೂಟೆಗಳ ಕೋಣೆಗೆ ಬನ್ನಿ ಎಂದು ಅವಳನ್ನು ಕಣ್ಣಲ್ಲೇ ಕರೆದರು.

"ಕುಡಿದೋರನ್ನ ನಾನು ದಿನಾ ನೋಡ್ತೀನಿ ತಾಯಿ. ಅವರು ಜೋಲಿ ಹೊಡೀತಾರೆ. ನಿಮ್ಮೆಜಮಾನರು ಕಂಬದ ಥರ ನಿಂತ್ರು. ಯಾಕೆ ಸುಳ್ಳು ಹೇಳಿದ್ರಿ?"

ಅವಳು ಮೂಟೆಯ ಮೇಲೆ ಕೂತು ಎಲ್ಲ ಹೇಳಿಬಿಟ್ಟಳು. ಆಮೇಲೆ ಮಹಡಿ ಹತ್ತಿ, ಇದ್ದಬದ್ದ ಡಬ್ಬಗಳನ್ನೆಲ್ಲ ಒಂದು ಕೇಕಿನ ಪೆಟ್ಟಿಗೆಗೆ ತುಂಬಿ ತಂದು ಮುಂದಿಟ್ಟಳು. ಸಿಸ್ಟರ್ ಒಂದೊಂದನ್ನೇ ತಿರುಗಿಸಿ ಓದಿದರು. ಪ್ರೋಟೀನ್ ಡಬ್ಬ ಹಿಡಿದು, ಇದನ್ನು ಯಾವಾಗ ಕೊಡುತ್ತೀರಿ ಎಂದರು. ಮಾತ್ರೆಯ ಜೊತೆಗೇ ಎಂದು ಇವಳು ಹೇಳಿದ ಕೂಡಲೇ ಸಿಸ್ಟರ್ ಡಬ್ಬ ಕೆಳಗಿಟ್ಟರು.

"ನಿಮ್ಮ ಓವನ್ ಕೋಣೆ ಬಾಗಿಲಲ್ಲಿ ಎರಡು ಟ್ರೇ ಒಟ್ಟಿಗೆ ನುಗ್ಗಿದ್ರೆ ಏನಾಗತ್ತೆ?"

"ಸಿಕ್ಕಾಕ್ಕೊಳತ್ತೆ."

"ಹೊಟ್ಟೇಲೂ ಅಷ್ಟೆ. ಈ ಮಾತ್ರೆ ರಕ್ತಕ್ಕೆ ಹೋಗೋ ಬಾಗಿಲಲ್ಲೇ ಪ್ರೋಟೀನೂ ಹೋಗ್ಬೇಕು. ನೀವು ಒಂದು ಮಾತ್ರೆ ಜೊತೆ ಹತ್ತು ಟ್ರೇ ನುಗ್ಗಿಸಿದೀರಿ. ಮಾತ್ರೆ ಹೊರಗೇ ನಿಂತಿದೆ."

ಕಬ್ಬಿಣದ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ, ಜೊತೆಯಲ್ಲಿ ಕೊಟ್ಟರೆ ಡಾಕ್ಟರ ಮಾತ್ರೆಯನ್ನು ಕಟ್ಟಿಹಾಕುತ್ತದೆ ಎಂದರು. ನಸುಗುನ್ನಿ ಬೀಜದಲ್ಲಿ ಇರುವುದು ಹೆಚ್ಚು ಕಡಿಮೆ ಡಾಕ್ಟರ ಮಾತ್ರೆಯಲ್ಲಿರುವುದೇ. ಎಷ್ಟಿದೆ ಎಂದು ಡಬ್ಬ ನೋಡಿ ನಂಬುವ ಹಾಗಿಲ್ಲ. ಎರಡೂ ಸೇರಿ ಅತಿಯಾದರೆ ವಾಂತಿ, ತಲೆಸುತ್ತು, ಕೈಕಾಲು ತಾವೇ ಕುಣಿಯುವುದು ಎಲ್ಲ ಆಗಬಹುದು. ಕೆಲವು ಮಾತ್ರೆಗಳನ್ನು ಪುಡಿಮಾಡಲೇಬಾರದು. ಇದೆಲ್ಲ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಹಾಗಾದರೆ ಇವೆಲ್ಲ ವಿಷವೇ ಎಂದು ಕೇಳಿದಳು.

"ವಿಷ ಅಲ್ಲ. ಪ್ರೋಟೀನು ಅವರಿಗೂ ಬೇಕು, ಬಿಡಿಸಬೇಡಿ. ಹೊತ್ತು ಬೇರೆ ಮಾಡಿ ಅಷ್ಟೆ. ರಕ್ತ ಪರೀಕ್ಷೇಲಿ ಬಿ-ಹನ್ನೆರಡೋ, ವಿಟಮಿನ್ ಡಿನೋ ಕಮ್ಮಿ ಅಂತ ಬಂದ್ರೆ ಡಾಕ್ಟರೇ ಕೊಡ್ತಾರೆ. ಮಲಬದ್ಧತೆ ಇದ್ರೆ ನಾರಿನ ಪದಾರ್ಥ, ನೀರು ಸಹಾಯ ಮಾಡತ್ತೆ. ಆದ್ರೆ ಈ ಕಾಯಿಲೇನ ವಾಸಿ ಮಾಡೋ ಪುಡಿ ಇದುವರೆಗೂ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ರೆ ನಮ್ಮ ವಾರ್ಡಲ್ಲೇ ಮೊದಲು ಕೊಡ್ತಿದ್ವಲ್ಲ?"

ಹೋಗುವಾಗ ದನಿ ಗಟ್ಟಿಮಾಡಿದರು. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯ; ಮೈ ಮರಗಟ್ಟಿ ಜ್ವರ ಬಂದು ಜೀವಕ್ಕೇ ಎರವಾಗಬಹುದು. ಈಗಲೇ ಬರೀ ನೀರಲ್ಲಿ ಕೊಡಿ, ನಾಳೆ ಪೆಟ್ಟಿಗೆ ಸಮೇತ ಡಾಕ್ಟರ ಹತ್ತಿರ ಹೋಗಿ.

"ಮಾತ್ರೆ ಕೊಟ್ಟೋರಿಗೆ ಪುಡಿ ಗೊತ್ತಿಲ್ಲ, ಪುಡಿ ಕೊಟ್ಟೋರಿಗೆ ಮಾತ್ರೆ ಗೊತ್ತಿಲ್ಲ. ಎರಡೂ ಗೊತ್ತಿದ್ದೋರು ನೀವೊಬ್ರೇ. ನೀವು ಬಾಯಿ ಬಿಡ್ಲಿಲ್ಲ."

ಆ ಮಾತು ಚುಚ್ಚಿತು. ತನ್ನ ಗಂಡನ ಕಾಲನ್ನು ಬಾಗಿಲಲ್ಲಿ ಕಟ್ಟಿಹಾಕಿದ್ದು ಕಾಯಿಲೆಯೊಂದೇ ಅಲ್ಲ, ತನ್ನ ನಾಚಿಕೆಯೂ ಹೌದು.

ಮಹಡಿಗೆ ಹೋಗಿ ಗಂಡನ ಮುಂದೆ ನೀರಿಟ್ಟು, ಮಾಡಿದ್ದನ್ನೆಲ್ಲ ಹೇಳಿ ಮಾತ್ರೆ ನುಂಗಿರಿ ಎಂದು ಬೇಡಿಕೊಂಡಳು. ಅವನು ನುಂಗಿದ. ಗೋಡೆಯ ಕಡೆ ತಿರುಗಿ ಮಲಗಿದ.

ಡಾಕ್ಟರು ಪೆಟ್ಟಿಗೆ ನೋಡಿ ಗದರುತ್ತಾರೆ ಎಂದುಕೊಂಡಿದ್ದಳು. ಅವರು ಗದರಲಿಲ್ಲ, ತಂದು ತೋರಿಸಿದ್ದು ಒಳ್ಳೆಯದಾಯಿತು ಎಂದರು. ಅದಕ್ಕೆ ಅವಳಿಗೆ ಇನ್ನೂ ನಾಚಿಕೆಯಾಯಿತು. ಬೀಜದ ಪುಡಿ ಬೇಡ ಎಂದು ತೆಗೆದಿಟ್ಟರು. ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣ ಬೇಕಿಲ್ಲ, ಬಿ-ಹನ್ನೆರಡು ಕಡಿಮೆಯಿದೆ ಎಂದು ಅದಕ್ಕೊಂದು ಮಾತ್ರೆ ಬರೆದರು. ಪಾರ್ಕಿನ್ಸನ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಬರೀ ನೀರಿನಲ್ಲಿ. ಪ್ರೋಟೀನು ಹೆಚ್ಚಿರುವ ಊಟ ರಾತ್ರಿಗೆ. ಹೊಟ್ಟೆ ತೊಳಸಿದರೆ ಒಂದು ತುಂಡು ಸಪ್ಪೆ ಬಿಸ್ಕತ್ತು ತಿನ್ನಬಹುದು ಎಂದಾಗ ಕೇಕಣ್ಣ ಮೊದಲ ಸಲ ಬಾಯಿಬಿಟ್ಟ: "ಬಿಸ್ಕತ್ತಿಗೇನು ಬರ ಇಲ್ಲ ಡಾಕ್ಟ್ರೆ."

ಕೆಲವೇ ದಿನಗಳಲ್ಲಿ ಮೈ ಮತ್ತೆ ಸಡಿಲವಾಯಿತು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಅಂಗಿ ಗುಂಡಿ ತಾನೇ ಹಾಕಿಕೊಂಡ. ಆದರೂ ಅಂಗಡಿಗೆ ಇಳಿಯಲಿಲ್ಲ. ಯಾಕೆ ಎಂದು ಅವಳು ಕೇಳಲೂ ಇಲ್ಲ. ಕೆಳಗೆ ತಾನಾಡಿದ ಸುಳ್ಳು ಇನ್ನೂ ನಿಂತಿದೆ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಸಂಜೆ ಜನ ತುಂಬಿದ್ದಾಗ ಗಡಿಯಾರದವರು ಬಂದರು. "ಯಜಮಾನರು ಇನ್ನೂ ಇಳಿದಿಲ್ವೇ?" ಎಂದು ಕಣ್ಣು ಮಿಟುಕಿಸಿದರು. ಇಳಿಯಬೇಕಾದದ್ದು ಅಮಲು ಎಂದು ಎಲ್ಲರಿಗೂ ಅರ್ಥವಾಯಿತು.

ಅವಳು ಗಲ್ಲಾ ಬಿಟ್ಟು ಎದ್ದು ನಿಂತಳು.

"ಅವರು ಕುಡಿಯೋದಿಲ್ಲ. ಯಾವತ್ತೂ ಕುಡಿದಿಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ, ನರದ್ದು. ಅಂಟೋದಲ್ಲ. ಹೇಳ್ಕೊಳಕ್ಕೆ ನಂಗೆ ನಾಚಿಕೆ ಆಗಿತ್ತು. ಈಗ ನಾಚಿಕೆ ಆಗ್ತಿರೋದು ನಾನು ಹೇಳಿದ ಸುಳ್ಳಿಗೆ."

ಗಡಿಯಾರದವರು ಹಣೆಯ ಮೇಲಿದ್ದ ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. "ತಪ್ಪಾಯ್ತಮ್ಮ. ನಮ್ಮಣ್ಣನಿಗೂ ಕೈ ನಡುಗತ್ತೆ. ಮನೆಯವರು ಯಾರಿಗೂ ತೋರಿಸೇ ಇಲ್ಲ," ಎಂದರು. ದನಿಯಲ್ಲಿ ತಮಾಷೆಯಿರಲಿಲ್ಲ.

ಮೆಟ್ಟಿಲ ಮೇಲೆ ಸದ್ದಾಯಿತು. ಕೇಕಣ್ಣ ಇಳಿದು ಬರುತ್ತಿದ್ದ. ಎಷ್ಟು ಕೇಳಿಸಿಕೊಂಡನೋ ಅವನಿಗೇ ಗೊತ್ತು. ಓವನ್ ಕೋಣೆಯ ಬಾಗಿಲಿಗೆ ಬಂದಾಗ ಕಾಲು ತಡೆಯಿತು. ದಾಟಲು ಗೆರೆಯೊಂದು ಕಂಡರೆ ಅಂಟಿದ ಕಾಲು ಏಳುತ್ತದೆ ಎಂದು ಸಿಸ್ಟರ್ ಹೇಳಿದ್ದಂತೆ ಅವಳು ಅಲ್ಲಿ ನೆಲದ ಮೇಲೆ ಕೆಂಪು ಪಟ್ಟಿ ಅಂಟಿಸಿದ್ದಳು. ಪಟ್ಟಿ ದಾಟುವುದಕ್ಕೆಂದೇ ಕಾಲೆತ್ತಿದ. ಹೆಜ್ಜೆ ಎದ್ದಿತು. ಗಲ್ಲಾದ ಬಳಿ ಬಂದು, ಎಲ್ಲರ ಎದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ ಬೋಳು ಕೇಕೊಂದನ್ನು ಎಳೆದುಕೊಂಡು, ಚಾಕುವಿನ ಬೆನ್ನಿನಿಂದ ಎರಡು ಗೆರೆ ಹಾಕಿ, ಗೆರೆ ಮುಟ್ಟುವ ಹಾಗೆ ಅಕ್ಷರ ಬರೆಯತೊಡಗಿದ. ಮೊದಲಿನಷ್ಟು ದುಂಡಗಿರಲಿಲ್ಲ. ಓದಲು ಭೂತಗನ್ನಡಿಯಂತೂ ಬೇಕಾಗಲಿಲ್ಲ.

ಜನ ಹೋದಮೇಲೆ ಅವಳು ಮೆಲ್ಲಗೆ ಕೇಳಿದಳು, "ರೀ, ಅವತ್ತು ನನ್ನ ಮೇಲೆ ಕೋಪ ಬರಲಿಲ್ವಾ?"

"ಬಂದಿತ್ತು," ಎಂದ ಕೇಕಣ್ಣ. "ಮುಖಕ್ಕೆ ಬರಲಿಲ್ಲ, ಅಷ್ಟೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮರುದಿನದ ಸಕ್ಕರೆ ತೂಗಲು ಹೋದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರದಾದರೂ ಕೈ ಸುಮ್ಮನೆ ನಡುಗುತ್ತಿದೆಯೇ? ಬರಹ ಚಿಕ್ಕದಾಗುತ್ತಿದೆಯೇ, ನಡಿಗೆ ನಿಧಾನವಾಗಿದೆಯೇ? ಬಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಕಾಯಿಲೆ ಪಾರ್ಕಿನ್ಸನ್ ಎಂದಾದರೆ, ಪುಡಿಯೋ ಗುಳಿಗೆಯೋ ಬೇರೊಂದನ್ನು ಶುರುಮಾಡುವ ಮೊದಲು ಕೇಳಿ. ಈಗಾಗಲೇ ಕೊಡುತ್ತಿದ್ದರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಯಾವ ಮಾತ್ರೆ ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ಬಾಯಿಬಿಟ್ಟು ಕೇಳಿ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೊಂದದೆ ಇರಬಹುದು. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೀದಿಯಲ್ಲಿ ತಡವರಿಸಿ ನಿಂತವರನ್ನು ಕಂಡು ನಗು ಬಂದರೆ, ಒಂದು ಗಳಿಗೆ ತಡೆದು ಅವರ ತೋಳು ಹಿಡಿಯಿರಿ. ಅವರ ಮುಖ ನಗದೆ ಇರಬಹುದು. ಒಳಗೆ ಎಲ್ಲವೂ ಗೊತ್ತಾಗುತ್ತಿರುತ್ತದೆ.